ಪಾದರಸದ ನಿರ್ಗಮನ: ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ನೆಲೆಯಿಂದ ಒಂದು ಅವಲೋಕನ

ಚಿತ್ರದುರ್ಗ ಜಿಲ್ಲೆಯ ಪೂರ್ವ ಮತ್ತು ಈಶಾನ್ಯ ಭಾಗಗಳಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ವಿದ್ವಾಂಸರಿಗೆ ಪರಿಚಿತವಾಗಿರುವುದು ಮುಖ್ಯವಾಗಿ ಶಾಸನಗಳಿಂದ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಜೀವಿಗಳಲ್ಲಿ ದಯೆ ದೃಢವಾಗಿರಬೇಕೆಂಬುದು ಅವುಗಳ ಬೋಧನೆಗಳಲ್ಲೊಂದು. ಇದೇ ಪ್ರದೇಶದ ಈಚಿನ ಇತಿಹಾಸಕ್ಕೆ ಇನ್ನೊಂದು ಬಗೆಯ ಆಕರವೂ ಉಂಟು. ಅದು ಆಸ್ಪತ್ರೆಯ ದಾಸ್ತಾನು ವಹಿ. ವೈದ್ಯಕೀಯದಿಂದ ಪಾದರಸವು ನಿರ್ಗಮಿಸುತ್ತಿರುವ ಬಗೆಯನ್ನು ಅಂತಹ ಆಕರದ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ಭಾರತೀಯ ವೈದ್ಯಪರಂಪರೆಯಲ್ಲಿ ಪಾದರಸಕ್ಕೆ 'ರಸ'ವೆಂದೇ ಹೆಸರು. ಶೋಧನೆಗೊಳಿಸದೆ ಅದನ್ನು ಔಷಧವಾಗಿ ಬಳಸಬಾರದೆಂದು ರಸಶಾಸ್ತ್ರ ವಿಧಿಸಿತು. ಅಂದರೆ ಅದರ ವಿಷಗುಣವು ಪ್ರಾಚೀನರಿಗೆ ಅಜ್ಞಾತವಾಗಿರಲಿಲ್ಲ. ವಿಷವೈದ್ಯವನ್ನೇ ವಸ್ತುವಾಗುಳ್ಳ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ಕನ್ನಡದಲ್ಲಿ 14ನೆಯ ಶತಮಾನದಲ್ಲಿಯೇ ರಚಿತವಾಯಿತು. ಯೂರೋಪಿನ ವೈದ್ಯರೂ ಶತಮಾನಗಳ ಕಾಲ ಪಾದರಸವನ್ನು ಔಷಧವಾಗಿ ಕೊಟ್ಟರು. 19ನೆಯ ಶತಮಾನದಲ್ಲಿ ಅದರ ಪಾತ್ರ ಬದಲಾಯಿತು. 1860ರ ದಶಕದಲ್ಲಿ ಆಲ್ಬಟ್ ರೂಪಿಸಿದ ಗಿಡ್ಡ ಜ್ವರಮಾಪಕ ಮತ್ತು 1896ರಲ್ಲಿ ರೀವಾ-ರೋಚಿ ಪ್ರಕಟಿಸಿದ ರಕ್ತದೊತ್ತಡ ಮಾಪಕಗಳ ಮೂಲಕ, ಔಷಧವಾಗಿದ್ದ ಲೋಹವು ಅಳತೆಗೋಲಾಯಿತು. ರಕ್ತದೊತ್ತಡವನ್ನು ಇಂದಿಗೂ ಪಾದರಸದ ಮಿಲಿಮೀಟರುಗಳಲ್ಲಿಯೇ ಹೇಳುತ್ತೇವೆ.

ಗ್ರಾಮೀಣ ಚಿಕಿತ್ಸಾಲಯಗಳಲ್ಲಿ ಈ ಉಪಕರಣಗಳು ದೀರ್ಘಕಾಲ ಉಳಿದುದಕ್ಕೆ ಸಕಾರಣಗಳಿದ್ದವು. ಅವುಗಳಿಗೆ ವಿದ್ಯುತ್ತು ಬೇಡ, ಬ್ಯಾಟರಿ ಬೇಡ. ಇತರ ಮಾಪಕಗಳ ತಪ್ಪನ್ನು ತಿದ್ದಲು ಪಾದರಸದ ಕಂಬವೇ ಪ್ರಮಾಣವಾಗಿತ್ತು. ಆದ್ದರಿಂದ ಅವುಗಳನ್ನು ಬಿಡಲು ಹಿಂದೆಗೆದ ವೈದ್ಯರನ್ನು ಕೇವಲ ಸಂಪ್ರದಾಯಶರಣರೆಂದು ಭಾವಿಸುವುದು ಸರಿಯಾಗದು.

ಅಪಾಯವಿರುವುದು ಉಪಕರಣ ಒಡೆದಾಗ. ಒಂದು ಜ್ವರಮಾಪಕದಲ್ಲಿ ಸುಮಾರು 1 ಗ್ರಾಂ ಪಾದರಸವಿದ್ದರೆ, ರಕ್ತದೊತ್ತಡ ಮಾಪಕದಲ್ಲಿ 80ರಿಂದ 100 ಗ್ರಾಂ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ನೆಲದ ಸಂದುಗಳಲ್ಲಿ ಸೇರಿದ ಹನಿಗಳು ಸಾಮಾನ್ಯ ಉಷ್ಣತೆಯಲ್ಲಿಯೇ ಬಣ್ಣವಿಲ್ಲದ, ವಾಸನೆಯಿಲ್ಲದ ಆವಿಯಾಗಿ ನರಮಂಡಲ ಮತ್ತು ಮೂತ್ರಪಿಂಡಗಳನ್ನು ಬಾಧಿಸಬಲ್ಲವು. ಪೊರಕೆಯಿಂದ ಗುಡಿಸಿದರೆ ಅವು ಇನ್ನಷ್ಟು ಒಡೆದು ಹರಡುತ್ತವೆ. ಹೀಗಾಗಿ ಅಪಾಯದ ಮೊದಲ ಪಾಲು ಶುಶ್ರೂಷಕಿಯರಿಗೂ ಸ್ವಚ್ಛತಾ ಕಾರ್ಮಿಕರಿಗೂ ಬರುತ್ತದೆ. ಚರಂಡಿಯ ಮೂಲಕ ಕೆರೆ, ಹೊಳೆಗಳನ್ನು ಸೇರಿದ ಪಾದರಸವನ್ನು ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಮೀನಿನ ದೇಹದಲ್ಲಿ ಸಂಗ್ರಹವಾಗುತ್ತದೆ. ಕಾರ್ಖಾನೆಯ ತ್ಯಾಜ್ಯದಲ್ಲಿದ್ದ ಇಂತಹುದೇ ವಿಷದಿಂದ ಉಂಟಾದ ರೋಗವು ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಗುರುತಿಸಲ್ಪಟ್ಟಿತು. ನಮ್ಮ ನೆರೆಯ ತಮಿಳುನಾಡಿನ ಕೊಡೈಕೆನಾಲಿನ ಜ್ವರಮಾಪಕ ಕಾರ್ಖಾನೆಯು, ಪಾದರಸಯುಕ್ತ ಗಾಜು ಗುಜರಿಗೆ ಸೇರಿದ್ದುದು ಬಯಲಾದ ಮೇಲೆ, 2001ರಲ್ಲಿ ಮುಚ್ಚಿತು.

ಕೇಂದ್ರ ಸರ್ಕಾರದ ಆಸ್ಪತ್ರೆಗಳು ಪಾದರಸದ ಉಪಕರಣಗಳನ್ನು ಹಂತಹಂತವಾಗಿ ಕೈಬಿಡಬೇಕೆಂಬ ಸೂಚನೆ 2010ರಲ್ಲಿ ಹೊರಟಿತು. 2013ರಲ್ಲಿ ಅಂಗೀಕೃತವಾದ ಮಿನಮಾಟ ಒಪ್ಪಂದಕ್ಕೆ ಭಾರತವು 2014ರಲ್ಲಿ ಸಹಿ ಹಾಕಿ, 2018ರಲ್ಲಿ ಅದನ್ನು ಸ್ಥಿರೀಕರಿಸಿತು. ಜ್ವರಮಾಪಕ, ರಕ್ತದೊತ್ತಡ ಮಾಪಕಗಳ ತಯಾರಿಕೆ, ಆಮದು, ರಫ್ತುಗಳಿಗೆ ಒಪ್ಪಂದವು ವಿಧಿಸಿದ್ದ ಗಡುವು 2020. ಭಾರತವು ಪಡೆದ ವಿನಾಯಿತಿಯಿಂದ ಅದು 2025ರವರೆಗೆ ಮುಂದುವರಿಯಿತು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಇಂತಹ ಉಪಕರಣಗಳನ್ನು ಕೈಬಿಡುವ ಅಂತರರಾಷ್ಟ್ರೀಯ ಯೋಜನೆಯೊಂದು 2023ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಗಡುವು ಅನ್ವಯಿಸುವುದು ತಯಾರಿಕೆಗೆ ಮತ್ತು ವ್ಯಾಪಾರಕ್ಕೆ. ಈಗಾಗಲೇ ಆಸ್ಪತ್ರೆಯ ಕಪಾಟಿನಲ್ಲಿರುವ ಮಾಪಕಕ್ಕೆ ಅಲ್ಲ. ಚಳ್ಳಕೆರೆ, ಮೊಳಕಾಲ್ಮೂರುಗಳಂತಹ ತಾಲ್ಲೂಕುಗಳಲ್ಲಿ ಈ ನಿರ್ಗಮನದ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿಯೇ. ಕೈಬಿಟ್ಟ ಉಪಕರಣ ಗುಜರಿಗೆ ಹೋದರೆ ವಿಷವು ಆಸ್ಪತ್ರೆಯಿಂದ ಊರಿಗೆ ಸ್ಥಳಾಂತರಗೊಂಡಂತಾಯಿತೇ ಹೊರತು ನಿವಾರಣೆಯಾದಂತಲ್ಲ. ಚೆಲ್ಲಿದ ಪಾದರಸವನ್ನು ಕೈಯಿಂದ ಮುಟ್ಟದೆ ಸಂಗ್ರಹಿಸಿ, ಭದ್ರವಾದ ಮುಚ್ಚಳದ ಪಾತ್ರೆಯಲ್ಲಿ ನೀರಿನಡಿ ಇರಿಸಿ, ಅಧಿಕೃತ ಸಂಸ್ಥೆಗೆ ಒಪ್ಪಿಸಬೇಕು. ಬದಲಿಗೆ ಬರುವ ವಿದ್ಯುನ್ಮಾನ ಮಾಪಕಗಳ ನಿಖರತೆಯನ್ನು ನಿಯತವಾಗಿ ಪರೀಕ್ಷಿಸಬೇಕು; ಇಲ್ಲವಾದಲ್ಲಿ ವಿಷ ತಪ್ಪಿದರೂ ಅಳತೆ ತಪ್ಪೀತು.

ಕೊನೆಯದಾಗಿ, ದಾಸ್ತಾನು ವಹಿಯಲ್ಲಿ ಎಷ್ಟು ಉಪಕರಣಗಳು ಬಂದವು, ಎಷ್ಟು ಒಡೆದವು ಎಂಬುದರ ಜೊತೆಗೆ ಪಾದರಸ ಎಲ್ಲಿಗೆ ಹೋಯಿತೆಂಬುದೂ ದಾಖಲಾಗಬೇಕು. ಆ ಕೊನೆಯ ನಮೂದು ಆಗುವವರೆಗೆ ಪಾದರಸದ ನಿರ್ಗಮನ ಪೂರ್ಣವಾಯಿತೆಂದು ಹೇಳಲಾಗದು.