ಅಪ್ರತಿಮ ಮುಷ್ಟಿಮಲ್ಲ ಯಾರು?

1970ರ ಜನವರಿ 20ರ ರಾತ್ರಿ ಅಮೆರಿಕದ ಅನೇಕ ಊರುಗಳ ಚಿತ್ರಮಂದಿರಗಳಲ್ಲಿ ಒಂದು ವಿಚಿತ್ರ ಬಾಕ್ಸಿಂಗ್ ಪಂದ್ಯ ನಡೆಯಿತು. ತೆರೆಯ ಮೇಲೆ ಸೆಣಸಿದವರು ರಾಕಿ ಮಾರ್ಸಿಯಾನೊ ಮತ್ತು ಮುಹಮ್ಮದ್ ಅಲಿ. ಇಬ್ಬರೂ ಹೆವಿವೇಟ್ ವಿಭಾಗದ ವಿಶ್ವ ಚಾಂಪಿಯನ್ ಆಗಿದ್ದವರು. ಇಬ್ಬರೂ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಸೋಲದವರು. ಆದರೆ ಮಾರ್ಸಿಯಾನೊ ನಿವೃತ್ತನಾಗಿ ಆಗಲೇ 14 ವರ್ಷಗಳಾಗುತ್ತ ಬಂದಿತ್ತು. ಅಷ್ಟೇ ಅಲ್ಲ, ಪಂದ್ಯ ತೆರೆ ಕಾಣುವ ಹೊತ್ತಿಗೆ ಆತ ಬದುಕಿಯೂ ಇರಲಿಲ್ಲ. 1969ರ ಆಗಸ್ಟ್ 31ರಂದು, ತನ್ನ 46ನೇ ಹುಟ್ಟುಹಬ್ಬದ ಮುನ್ನಾದಿನ, ಅಯೋವಾ ರಾಜ್ಯದಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಈ ಪಂದ್ಯದ ತೀರ್ಪುಗಾರ ಮನುಷ್ಯನಲ್ಲ, ಕಂಪ್ಯೂಟರ್. ಮಯಾಮಿಯ ರೇಡಿಯೋ ನಿರ್ಮಾಪಕ ಮರ್ರಿ ವೊರೋನರ್‌ಗೆ ಹೊಳೆದ ಉಪಾಯ ಅದು. ಬೇರೆ ಬೇರೆ ಕಾಲದ ಬಾಕ್ಸರ್‌ಗಳ ಬಲಾಬಲಗಳನ್ನು ತಜ್ಞರಿಂದ ಕೇಳಿ ಪಡೆದು, ಅವನ್ನು ಅಂಕಿಗಳಾಗಿ ಕಂಪ್ಯೂಟರಿಗೆ ಉಣಿಸಿ, 1967ರಲ್ಲಿ ಆತ ರೇಡಿಯೋದಲ್ಲಿ 16 ಮಂದಿಯ ಕಾಲ್ಪನಿಕ ಟೂರ್ನಿಯನ್ನೇ ನಡೆಸಿದ್ದ. ಅದರಲ್ಲಿ ಗೆದ್ದವನು ಮಾರ್ಸಿಯಾನೊ. ಅಲಿಯಾದರೋ 20ನೇ ಶತಮಾನದ ಆರಂಭದ ಚಾಂಪಿಯನ್ ಜಿಮ್ ಜೆಫ್ರೀಸ್‌ಗೆ ಸೋತು ಅರ್ಧದಲ್ಲೇ ಹೊರಬಿದ್ದ. ತನ್ನ ಹೆಸರಿಗೆ ಮಸಿ ಬಳಿಯಲಾಗಿದೆ ಎಂದು ಅಲಿ 10 ಲಕ್ಷ ಡಾಲರ್ ಪರಿಹಾರ ಕೋರಿ ದಾವೆ ಹೂಡಿದ. ಕೊನೆಗೆ ಆದ ರಾಜಿಯ ಫಲವೇ ಆ ಚಿತ್ರ.

ಮಾರ್ಸಿಯಾನೊ ಮೈ ಇಳಿಸಿ, ಬೋಳಾಗುತ್ತಿದ್ದ ತಲೆಗೆ ಟೋಪನ್ ಧರಿಸಿ ಬಂದ. ಒಂದೊಂದು ನಿಮಿಷದ ಸುಮಾರು 70 ಸುತ್ತುಗಳನ್ನೂ ಹಲವು ಬಗೆಯ ಮುಕ್ತಾಯಗಳನ್ನೂ ಚಿತ್ರೀಕರಿಸಲಾಯಿತು. ಯಾವ ಮುಕ್ತಾಯ ಉಳಿಯುತ್ತದೆಂದು ಇಬ್ಬರಿಗೂ ತಿಳಿದಿರಲಿಲ್ಲ. ಚಿತ್ರ ಬಂದಾಗ 13ನೇ ಸುತ್ತಿನಲ್ಲಿ ಅಲಿ ನೆಲಕ್ಕುರುಳಿದ. ಯೂರೋಪಿನಲ್ಲಿ ತೋರಿಸಿದ ಇನ್ನೊಂದು ಪ್ರತಿಯಲ್ಲಿ ಮಾತ್ರ ಗೆದ್ದವನು ಅಲಿ! ಆ ಕಂಪ್ಯೂಟರ್ ಅಲಬಾಮಾದಲ್ಲಿ ತಯಾರಾಗಿರಬೇಕು ಎಂದು ಅಲಿ ಚಟಾಕಿ ಹಾರಿಸಿದ್ದು ಪ್ರಸಿದ್ಧ. ಕರಿಯರನ್ನು ದೂರವಿಡುವುದಕ್ಕೆ ಹೆಸರಾಗಿದ್ದ ದಕ್ಷಿಣದ ರಾಜ್ಯ ಅಲಬಾಮಾ.

ಅದು ಬರೀ ತಮಾಷೆಯ ಮಾತಾಗಿರಲಿಲ್ಲ. ಎಲ್ಲ ಕಾಲಕ್ಕೂ ಶ್ರೇಷ್ಠ ಹೆವಿವೇಟ್ ಬಾಕ್ಸರ್ ಯಾರು ಎಂಬ ವಾದ ನೂರು ವರ್ಷಗಳಿಂದ ನಡೆದಿದೆ. ಆ ವಾದದ ಬುಡ ಕೆದಕಿದರೆ ಸಿಗುವುದು ಗುದ್ದಿನ ಲೆಕ್ಕ ಮಾತ್ರವಲ್ಲ. ಯಾರನ್ನು ಅಖಾಡದೊಳಗೆ ಬಿಟ್ಟರು, ಯಾರನ್ನು ಬಿಡಲಿಲ್ಲ ಎಂಬ ಲೆಕ್ಕವೂ ಸಿಗುತ್ತದೆ.

ಅಳತೆಗೋಲಿನ ತೊಡಕು

ಮೊದಲಿಗೆ, ಕಾಲದಿಂದ ಕಾಲಕ್ಕೆ ಆಟವೇ ಬೇರೆ. 1889ರಲ್ಲಿ ಜಾನ್ ಎಲ್. ಸಲಿವನ್ ಬರಿಗೈಯಲ್ಲಿ ಜೇಕ್ ಕಿಲ್ರೇನ್ ಜತೆ 75 ಸುತ್ತು ಕಾದಾಡಿ ಗೆದ್ದ. ಆಗ ಯಾರಾದರೊಬ್ಬ ಬಿದ್ದಾಗಲೇ ಸುತ್ತು ಮುಗಿಯುತ್ತಿತ್ತು. ಮೂರು ವರ್ಷ ಕಳೆದು, 1892ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ಕೈಗವಸು ತೊಟ್ಟು ಆಡಿದಾಗ ಅದೇ ಸಲಿವನ್ 21ನೇ ಸುತ್ತಿನಲ್ಲಿ ಜೇಮ್ಸ್ ಕಾರ್ಬೆಟ್‌ಗೆ ಸೋತ. ಕೈಗವಸು, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಹತ್ತು ಎಣಿಸುವ ಕ್ರಮ ಇವೆಲ್ಲ 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳ ಕೊಡುಗೆ. ಮುಂದೆ 15 ಸುತ್ತು ರೂಢಿಗೆ ಬಂತು. 1980ರ ದಶಕದಲ್ಲಿ ಅದೂ 12ಕ್ಕೆ ಇಳಿಯಿತು.

ಮೈಕಟ್ಟಿನ ಪ್ರಶ್ನೆ ಇನ್ನೊಂದು. ಮಾರ್ಸಿಯಾನೊ ತೂಗುತ್ತಿದ್ದುದು ಸುಮಾರು 85 ಕಿಲೋ. ಆತನಿಗಿಂತ ಹಿಂದಿನ ಜ್ಯಾಕ್ ಡೆಂಪ್ಸಿಯದೂ ಹೆಚ್ಚುಕಡಿಮೆ ಅಷ್ಟೇ. ಈಗ ಹೆವಿವೇಟ್ ಶುರುವಾಗುವುದೇ 200 ಪೌಂಡ್, ಅಂದರೆ ಸುಮಾರು 91 ಕಿಲೋ ದಾಟಿದ ಮೇಲೆ. ಇಂದಿನ ತಕ್ಕಡಿಯಲ್ಲಿ ಇವರಿಬ್ಬರೂ ಹೆವಿವೇಟ್ ಬಾಕ್ಸರ್‌ಗಳೇ ಅಲ್ಲ! ಜತೆಗೆ ಆಗ ಜಗತ್ತಿಗೆ ಒಬ್ಬನೇ ಚಾಂಪಿಯನ್. ಈಗ ನಾಲ್ಕು ಸಂಸ್ಥೆಗಳು ನಾಲ್ಕು ಪಟ್ಟ ಕಟ್ಟುತ್ತವೆ. 1999ರಲ್ಲಿ ಲೆನಾಕ್ಸ್ ಲೆವಿಸ್ ನಿರ್ವಿವಾದ ಚಾಂಪಿಯನ್ ಆದ ಬಳಿಕ ಮತ್ತೊಬ್ಬ ಅಂಥವನನ್ನು ಕಾಣಲು, 2024ರ ಮೇ ತಿಂಗಳಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸುವವರೆಗೆ ಕಾಯಬೇಕಾಯಿತು.

ಇವೆಲ್ಲ ತೊಡಕುಗಳೇ ಹೌದು. ಆದರೆ ಲೆಕ್ಕಾಚಾರದಿಂದ ಅಷ್ಟಿಷ್ಟಾದರೂ ಬಿಡಿಸಬಹುದಾದ ತೊಡಕುಗಳು. ಬಿಡಿಸಲಾಗದ್ದು ಮತ್ತೊಂದಿದೆ. ಅದು ಬಣ್ಣದ ಗೆರೆ.

ಮುಚ್ಚಿದ ಬಾಗಿಲು

ಸಲಿವನ್ ಕಾಲದಲ್ಲಿ ಪೀಟರ್ ಜ್ಯಾಕ್ಸನ್ ಎಂಬ ಕರಿಯ ಬಾಕ್ಸರ್ ಇದ್ದ. ಆಸ್ಟ್ರೇಲಿಯದ ಚಾಂಪಿಯನ್ ಆಗಿದ್ದ ಈತನ ಜತೆ ಸಲಿವನ್ ಆಡಲೇ ಇಲ್ಲ. ಕರಿಯರೊಂದಿಗೆ ಪಟ್ಟಕ್ಕಾಗಿ ಸೆಣಸುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ್ದ. ಅದು ಆಗಿನ ರಿವಾಜು. ಚಾಂಪಿಯನ್ ಒಪ್ಪದಿದ್ದರೆ ಎದುರಾಳಿ ಎಷ್ಟೇ ಬಲಶಾಲಿಯಾದರೂ ಮಾಡುವುದೇನು?

ಆ ಗೆರೆಯನ್ನು ಮೊದಲು ದಾಟಿದವನು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಹುಟ್ಟಿದ ಜ್ಯಾಕ್ ಜಾನ್ಸನ್. ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನುಹತ್ತಿ ದೇಶದೇಶ ಸುತ್ತಿ, ಕೊನೆಗೆ 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಆತನನ್ನು ಮಣಿಸಿದ. 14ನೇ ಸುತ್ತಿನಲ್ಲಿ ಪೊಲೀಸರೇ ನಡುವೆ ಬಂದು ಪಂದ್ಯ ನಿಲ್ಲಿಸಬೇಕಾಯಿತು. ಕರಿಯನೊಬ್ಬ ಜಗತ್ತಿನ ಅತಿ ಬಲಶಾಲಿ ಎನಿಸಿಕೊಂಡದ್ದನ್ನು ಬಿಳಿಯ ಅಮೆರಿಕ ಸಹಿಸಲಿಲ್ಲ. 1905ರಲ್ಲೇ ನಿವೃತ್ತನಾಗಿದ್ದ ಜೆಫ್ರೀಸ್‌ನನ್ನು ಒತ್ತಾಯಿಸಿ ಕರೆತಂದರು. 1910ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ನೆವಾಡಾದ ರೆನೊ ಪಟ್ಟಣದಲ್ಲಿ ಜಾನ್ಸನ್ ಆತನನ್ನು 15ನೇ ಸುತ್ತಿನಲ್ಲಿ ಕೆಡವಿದ. ಸುದ್ದಿ ಹರಡುತ್ತಲೇ ಅನೇಕ ನಗರಗಳಲ್ಲಿ ಗಲಭೆಯೆದ್ದು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕರಿಯರು. ಪಂದ್ಯದ ಚಲನಚಿತ್ರವನ್ನು ಹಲವೆಡೆ ನಿಷೇಧಿಸಲಾಯಿತು. 1912ರಲ್ಲಿ ಬಾಕ್ಸಿಂಗ್ ಚಿತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸದಂತೆ ಕಾನೂನೇ ಬಂತು.

ಮರುವರ್ಷ ಜಾನ್ಸನ್ ಮೇಲೆ ಬಿಳಿಯ ಮಹಿಳೆಯೊಬ್ಬಳನ್ನು ಅನೈತಿಕ ಉದ್ದೇಶಕ್ಕೆ ರಾಜ್ಯದ ಗಡಿ ದಾಟಿಸಿದ ಆರೋಪ ಸಾಬೀತಾಯಿತೆಂದು, ಬಿಳಿಯರೇ ತುಂಬಿದ್ದ ಜ್ಯೂರಿ ತೀರ್ಪಿತ್ತಿತು. ಆತ ದೇಶ ಬಿಟ್ಟ. 1915ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲಾರ್ಡ್ ಎದುರು 26ನೇ ಸುತ್ತಿನಲ್ಲಿ ಪಟ್ಟ ಕಳೆದುಕೊಂಡು, 1920ರಲ್ಲಿ ತಾಯ್ನಾಡಿಗೆ ಮರಳಿ ಜೈಲುವಾಸ ಅನುಭವಿಸಿದ. ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಬಂದದ್ದು 2018ರಲ್ಲಿ, ಜಾನ್ಸನ್ ಸತ್ತು 72 ವರ್ಷಗಳಾದ ಮೇಲೆ.

ಹಾಗೆಂದು ಜಾನ್ಸನ್ ತಾನು ತೆರೆದ ಬಾಗಿಲನ್ನು ತನ್ನವರಿಗಾಗಿ ತೆರೆದಿಟ್ಟನೇ? ಅದೂ ಇಲ್ಲ. ಕೆನಡಾದ ನೋವಾ ಸ್ಕಾಷಿಯಾದಲ್ಲಿ ಹುಟ್ಟಿದ ಸ್ಯಾಮ್ ಲ್ಯಾಂಗ್‌ಫರ್ಡ್ ಆ ಕಾಲದ ಅತ್ಯುತ್ತಮ ಕರಿಯ ಬಾಕ್ಸರ್‌ಗಳಲ್ಲೊಬ್ಬ. 1906ರಲ್ಲಿ ಜಾನ್ಸನ್ ಆತನನ್ನು ಸೋಲಿಸಿದ್ದ. ಚಾಂಪಿಯನ್ ಆದ ಮೇಲೆ ಮಾತ್ರ ಲ್ಯಾಂಗ್‌ಫರ್ಡ್‌ಗೆ ಪಟ್ಟದ ಅವಕಾಶ ಕೊಡಲೇ ಇಲ್ಲ. ಕರಿಯರಿಬ್ಬರ ಪಂದ್ಯಕ್ಕೆ ಅಷ್ಟು ಹಣ ಹುಟ್ಟುವುದಿಲ್ಲ ಎಂಬುದೂ ಒಂದು ಲೆಕ್ಕ. ಲ್ಯಾಂಗ್‌ಫರ್ಡ್ ಮುಂದೆ ಕಣ್ಣು ಕಳೆದುಕೊಂಡ. 1944ರಲ್ಲಿ ಪತ್ರಕರ್ತರೊಬ್ಬರು ಹುಡುಕಿ ಹೊರಟಾಗ ಆತ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಕಡುಬಡತನದಲ್ಲಿದ್ದ.

1919ರಿಂದ 1926ರವರೆಗೆ ಚಾಂಪಿಯನ್ ಆಗಿದ್ದ ಡೆಂಪ್ಸಿಯ ಕಥೆಯಲ್ಲೂ ಇಂಥ ಒಂದು ಖಾಲಿ ಜಾಗ ಇದೆ. ಆಗ ಪಟ್ಟಕ್ಕೆ ಪ್ರಬಲ ಹಕ್ಕುದಾರನಾಗಿದ್ದ ಕರಿಯ ಬಾಕ್ಸರ್ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದ. ಮಾತುಕತೆ ನಡೆದವು, ಕರಾರೂ ಆಯಿತು, ಪಂದ್ಯ ಮಾತ್ರ ನಡೆಯಲಿಲ್ಲ. ಆದರೂ 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ನಡೆಸಿದ ಮತದಾನದಲ್ಲಿ ಅರ್ಧ ಶತಮಾನದ ಶ್ರೇಷ್ಠ ಬಾಕ್ಸರ್ ಎನಿಸಿಕೊಂಡವನು ಇದೇ ಡೆಂಪ್ಸಿ. ಮತ ಹಾಕಿದವರು ಆಡಿದ ಪಂದ್ಯಗಳನ್ನು ಎಣಿಸಿದರು. ಆಡದೆ ಉಳಿದ ಪಂದ್ಯವನ್ನು ಎಣಿಸುವುದು ಹೇಗೆ?

ಷರತ್ತಿನ ಮೇಲೆ ಪ್ರವೇಶ

ಜಾನ್ಸನ್ ಸೋತ 22 ವರ್ಷಗಳ ನಂತರ, 1937ರಲ್ಲಿ, ಮತ್ತೊಬ್ಬ ಕರಿಯ ಚಾಂಪಿಯನ್ ಆದ. ಆತನೇ ಅಲಬಾಮಾದಲ್ಲಿ ಹುಟ್ಟಿದ ಜೋ ಲೂಯಿಸ್. ಆತನ ಮ್ಯಾನೇಜರುಗಳು ಜಾನ್ಸನ್ ಪಾಡನ್ನು ಕಂಡವರು. ಬಿದ್ದ ಬಿಳಿಯ ಎದುರಾಳಿಯ ಮುಂದೆ ಹಿಗ್ಗಬಾರದು, ಬಿಳಿಯ ಹೆಣ್ಣಿನ ಜತೆ ಫೋಟೊಗೆ ನಿಲ್ಲಬಾರದು ಎಂದು ಮೊದಲೇ ತಾಕೀತು ಮಾಡಿದ್ದರು. 1936ರಲ್ಲಿ ತನ್ನನ್ನು ಸೋಲಿಸಿದ್ದ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು 1938ರ ಜೂನ್ 22ರಂದು ಲೂಯಿಸ್ 124 ಸೆಕೆಂಡುಗಳಲ್ಲಿ ಮುಗಿಸಿದ. ಹಿಟ್ಲರನ ಪ್ರಚಾರಕರು ಶ್ಮೆಲಿಂಗ್‌ನನ್ನು ತಮ್ಮ ಜನಾಂಗದ ಹಿರಿಮೆಯ ಕುರುಹಾಗಿ ಮೆರೆಸಿದ್ದರಿಂದ, ಬಿಳಿಯ ಅಮೆರಿಕನರೂ ಅಂದು ಕರಿಯನ ಗೆಲುವಿಗೆ ಹಾರೈಸಿದರು.

1949ರವರೆಗೆ ಪಟ್ಟ ಉಳಿಸಿಕೊಂಡ ಲೂಯಿಸ್ ಅದನ್ನು 25 ಬಾರಿ ಕಾಪಾಡಿಕೊಂಡ. ಹೆವಿವೇಟ್‌ನಲ್ಲಿ ಆ ದಾಖಲೆಯನ್ನು ಈವರೆಗೆ ಯಾರೂ ಮುಟ್ಟಿಲ್ಲ. ಯುದ್ಧಕಾಲದಲ್ಲಿ ಸೈನ್ಯ ಸೇರಿದ, ಎರಡು ಪಂದ್ಯಗಳ ಗಳಿಕೆಯನ್ನು ನೌಕಾದಳ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟ. ಕೊನೆಗೆ ತೆರಿಗೆ ಬಾಕಿಯ ಹೊರೆ ಕುತ್ತಿಗೆಗೆ ಬಂದು, ನಿವೃತ್ತನಾದವನು ಮತ್ತೆ ಕೈಗವಸು ತೊಡಬೇಕಾಯಿತು. 1951ರ ಅಕ್ಟೋಬರ್‌ನಲ್ಲಿ 37ರ ಲೂಯಿಸ್‌ನನ್ನು ಎಂಟನೇ ಸುತ್ತಿನಲ್ಲಿ ಉರುಳಿಸಿದ ಯುವಕನೇ ಮಾರ್ಸಿಯಾನೊ. 49 ಪಂದ್ಯ, 49 ಗೆಲುವು, ಅವುಗಳಲ್ಲಿ 43 ನಾಕೌಟ್. ಒಂದೂ ಸೋಲಿಲ್ಲದೆ ನಿವೃತ್ತನಾದ ಮಾರ್ಸಿಯಾನೊನ ಅಂಕಿಗಳು ನಿಷ್ಕಳಂಕ. ಆದರೆ ಆತ ಗೆದ್ದ ದೊಡ್ಡ ಹೆಸರುಗಳಲ್ಲಿ ಲೂಯಿಸ್, ಜರ್ಸಿ ಜೋ ವಾಲ್ಕಾಟ್, ಆರ್ಚಿ ಮೂರ್ ಮೊದಲಾದವರು ಆಗಲೇ ವಯಸ್ಸು ಮೀರಿದವರು ಎಂಬ ಆಕ್ಷೇಪವೂ ಜತೆಗೇ ಉಳಿದಿದೆ.

ಕಳೆದುಹೋದ ವರ್ಷಗಳು

ಅಲಿಯ ದಾಖಲೆ ಹೀಗೆ ನಿಷ್ಕಳಂಕವಲ್ಲ. 61 ಪಂದ್ಯಗಳಲ್ಲಿ 56 ಗೆಲುವು, ಐದು ಸೋಲು. 1964ರಲ್ಲಿ 22ರ ಹರೆಯದಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿ ಚಾಂಪಿಯನ್ ಆದ. ಕ್ಯಾಶಿಯಸ್ ಕ್ಲೇ ಎಂಬ ಹೆಸರನ್ನು ಬಿಟ್ಟು ಮುಹಮ್ಮದ್ ಅಲಿಯಾದ. ವಿಯೆಟ್ನಾಂ ಯುದ್ಧ ನಡೆದಿದ್ದಾಗ, 1967ರ ಏಪ್ರಿಲ್ 28ರಂದು, ಸೈನ್ಯಕ್ಕೆ ಸೇರಲು ನಿರಾಕರಿಸಿದ. ಪಟ್ಟ ಕಿತ್ತುಕೊಂಡರು, ಪರವಾನಗಿ ರದ್ದಾಯಿತು, ಐದು ವರ್ಷದ ಶಿಕ್ಷೆಯಾಯಿತು. ಮೇಲ್ಮನವಿಯಿಂದಾಗಿ ಜೈಲು ತಪ್ಪಿದರೂ 25ರಿಂದ 28ರವರೆಗಿನ ಪ್ರಾಯದ ಮೂರೂವರೆ ವರ್ಷ ಅಖಾಡಕ್ಕಿಳಿಯಲಾಗಲಿಲ್ಲ. ಮಾರ್ಸಿಯಾನೊ ಜತೆ ಸುಳ್ಳು ಪಂದ್ಯ ಆಡಿದ್ದು ಇದೇ ಅವಧಿಯಲ್ಲಿ. 1971ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದುಮಾಡಿತು. ಕಳೆದ ವರ್ಷಗಳನ್ನು ಹಿಂದಿರುಗಿಸುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ.

ಮರಳಿ ಬಂದವನು ಹಳೆಯ ವೇಗದ ಅಲಿ ಆಗಿರಲಿಲ್ಲ. 1971ರಲ್ಲಿ ಜೋ ಫ್ರೇಜಿಯರ್‌ಗೆ ಸೋತ. 1973ರಲ್ಲಿ ಕೆನ್ ನಾರ್ಟನ್ ಎದುರು ದವಡೆ ಮುರಿಸಿಕೊಂಡು ಸೋತ. ಆದರೆ ಇಬ್ಬರನ್ನೂ ಮತ್ತೆ ಎದುರಿಸಿ ಗೆದ್ದ. ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಬಾರಿ ಕೆಡವಿದ್ದ ಜಾರ್ಜ್ ಫೋರ್ಮನ್‌ನನ್ನು 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎದುರಿಸಿದ. ಹಗ್ಗಕ್ಕೊರಗಿ ಗುದ್ದುಗಳನ್ನು ತಾಳಿಕೊಂಡು, ಫೋರ್ಮನ್ ಬಸವಳಿದ ಮೇಲೆ ಎಂಟನೇ ಸುತ್ತಿನಲ್ಲಿ ಕೆಡವಿದ. 1978ರಲ್ಲಿ ಮೂರನೇ ಬಾರಿ ಪಟ್ಟ ಗೆದ್ದ. 1980ರ ಆರಂಭದಲ್ಲಿ ಭಾರತಕ್ಕೂ ಬಂದು ದೆಹಲಿ, ಮದರಾಸುಗಳಲ್ಲಿ ಪ್ರದರ್ಶನ ಪಂದ್ಯ ಆಡಿದ. ತಾಳಿಕೊಂಡ ಗುದ್ದುಗಳು ಪುಕ್ಕಟೆಯಾಗಿರಲಿಲ್ಲ. ಅದೇ ವರ್ಷ ಲ್ಯಾರಿ ಹೋಮ್ಸ್ ಕೈಯಲ್ಲಿ ದಯನೀಯವಾಗಿ ಸೋತ. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವುದು ತಿಳಿಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಹಚ್ಚಿದ ಆ ಕೈ ನಡುಗುತ್ತಿದ್ದುದನ್ನು ಜಗತ್ತೇ ನೋಡಿತು. 2016ರಲ್ಲಿ ಅಲಿ ತೀರಿಕೊಂಡ.

ಹಾಗಾದರೆ ಉತ್ತರವೇನು? ಪಟ್ಟದ ಅವಧಿ ನೋಡಿದರೆ ಲೂಯಿಸ್, ಸೋಲಿಲ್ಲದಿರುವುದೇ ಮುಖ್ಯವಾದರೆ ಮಾರ್ಸಿಯಾನೊ. ಆದರೆ ತನ್ನ ಕಾಲದಲ್ಲಿ ಯಾರನ್ನು ಎದುರಿಸಿದ, ಯಾರಿಂದ ತಪ್ಪಿಸಿಕೊಂಡ ಎಂದು ಕೇಳಿದರೆ ತೂಕ ಅಲಿಯ ಕಡೆಗೇ ವಾಲುತ್ತದೆ. ಲಿಸ್ಟನ್, ಪ್ಯಾಟರ್ಸನ್, ಫ್ರೇಜಿಯರ್, ನಾರ್ಟನ್, ಫೋರ್ಮನ್, ಹೋಮ್ಸ್ – ಬಲಿಷ್ಠರೆನಿಸಿಕೊಂಡ ಇವರೆಲ್ಲರ ಎದುರು ಆತ ನಿಂತ. ಬಹುತೇಕರನ್ನು ಸೋಲಿಸಿದ, ಕೆಲವರಿಗೆ ಸೋತ. ಆ ಐದು ಸೋಲುಗಳು ಕಳಂಕವೆನಿಸದಿರುವುದು ಅದಕ್ಕಾಗಿಯೇ.

ಆದರೂ ಈ ತೀರ್ಪು ಆಡಲು ಸಿಕ್ಕವರ ನಡುವಿನದಷ್ಟೇ. ವೊರೋನರ್‌ನ ಕಂಪ್ಯೂಟರಿನ ಟೂರ್ನಿಯಲ್ಲೂ ಲ್ಯಾಂಗ್‌ಫರ್ಡ್‌ಗೆ ಸ್ಥಾನವಿರಲಿಲ್ಲ. ಪಟ್ಟಕ್ಕೆ ಆಡಲೇ ಬಿಡದವನ ಹೆಸರು ಚಾಂಪಿಯನ್ನರ ಪಟ್ಟಿಗೆ ಬರುವುದಾದರೂ ಹೇಗೆ? ಪೀಟರ್ ಜ್ಯಾಕ್ಸನ್, ಸ್ಯಾಮ್ ಲ್ಯಾಂಗ್‌ಫರ್ಡ್, ಹ್ಯಾರಿ ವಿಲ್ಸ್ ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ಹೇಳಬಲ್ಲ ಯಂತ್ರ ಇನ್ನೂ ಹುಟ್ಟಿಲ್ಲ. ಶ್ರೇಷ್ಠ ಯಾರೆಂದು ವಾದಿಸುವವರು ಈ ಮೂವರ ಹೆಸರನ್ನೂ ಒಮ್ಮೆ ಹೇಳಿ ವಾದ ಶುರುಮಾಡುವುದು ನ್ಯಾಯ.