ಮಾಳಿಗೆ ಮನೆ ಯಾಕೆ ಹೋಯ್ತು? ಒಂದು ಸಿಮೆಂಟ್ ಮೂಟೆಯ ಕಥೆ

ಎಪಿಸೋಡ್ ಶುರುವಿನಲ್ಲಿ ಕೇಳಿಸಿದ ಆ ಕರ್ರ್ ಅನ್ನೋ ಸದ್ದಿಗೆ ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ. ಅದು ಗೋಡೆ ಕೊರೆಯೋ ಮಷೀನು. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದಲ್ಲಿ ನಮ್ಮ ಹೊಸ ಮನೆ ಕಟ್ಟುವಾಗ ರೆಕಾರ್ಡ್ ಮಾಡಿದ್ದು. ಗೋಡೆ ಎದ್ದಿತ್ತು, ಮೋಲ್ಡ್ ಆಗಿತ್ತು, ಗಿಲಾವು ಇನ್ನೂ ಆಗಿರಲಿಲ್ಲ. ಎಲೆಕ್ಟ್ರಿಷಿಯನ್ನು ಗೋಡೆ ಕೊರೆದು ಒಳಗೆ ಪೈಪ್ ಕೂರಿಸ್ತಾ ಇದ್ದ.

ಅಜ್ಜಿ ಬೇವಿನ ಮರದ ಕೆಳಗೆ ಕೂತು ನೋಡ್ತಾ ಇದ್ದವಳು ಕೇಳಿದಳು: "ಅಲ್ಲಪ್ಪಾ, ಕಟ್ಟಿದ ಗೋಡೇನ ಮತ್ತೆ ಯಾಕೆ ಕೊರೀತಾರೆ? ಮೊದ್ಲೇ ಜಾಗ ಬಿಡಬಾರ್ದಾ?"

ಮೇಸ್ತ್ರಿ ನಕ್ಕರು. ನನಗೂ ಉತ್ತರ ಗೊತ್ತಿರಲಿಲ್ಲ. ಆದರೆ ಅಜ್ಜಿ ಹುಟ್ಟಿ ಬೆಳೆದ ಮನೆಯಲ್ಲಿ ಗೋಡೆಯೊಳಗೆ ಬಚ್ಚಿಡೋಕೆ ಏನೂ ಇರಲಿಲ್ಲ. ಎಲ್ಲಾ ಕಣ್ಣಿಗೆ ಕಾಣ್ತಿತ್ತು. ಇವತ್ತಿನ ಎಪಿಸೋಡ್ ಆ ಮನೆ ಬಗ್ಗೆ. ಅದರ ಹೆಸರು ಮಾಳಿಗೆ ಮನೆ.

ಚಳ್ಳಕೆರೆ, ಮೊಳಕಾಲ್ಮೂರು, ಬಳ್ಳಾರಿ ಕಡೆಯ ಹಳೇ ಊರುಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ನಿಂತಿವೆ. ಕಲ್ಲು ಮಣ್ಣಿನ ದಪ್ಪ ಗೋಡೆ. ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ. ಜಂತೆ ಮೇಲೆ ಸಣ್ಣ ಕಡ್ಡಿ, ಸೊಪ್ಪು ಹಾಸಿ ಮಣ್ಣು ತುಂಬೋದು. ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಬೆಳಕಿಗೆ ಚಾವಣಿಯಲ್ಲೊಂದು ಗವಾಕ್ಷಿ. ಮನೆ ಎಷ್ಟು ದೊಡ್ಡದು ಅಂತ ಯಾರೂ ಚದರಡಿಯಲ್ಲಿ ಹೇಳ್ತಿರಲಿಲ್ಲ. "ಆರು ಅಂಕಣದ ಮನೆ" ಅಂತಿದ್ರು. ಕಂಬದ ಸಾಲುಗಳ ನಡುವಿನ ಜಾಗವೇ ಅಂಕಣ.

ಚೌಳು ಮಣ್ಣೇ ಯಾಕೆ? ಅದರಲ್ಲಿ ಉಪ್ಪಿನಂಶ ಜಾಸ್ತಿ. ಬೇಸಾಯಕ್ಕೆ ಬರಲ್ಲ, ಹುಲ್ಲೂ ಸರಿಯಾಗಿ ಹುಟ್ಟಲ್ಲ. ಮಳೆ ಬಿದ್ದಾಗ ಅದರ ಸಣ್ಣ ಕಣಗಳು ಬಿಚ್ಚಿಕೊಂಡು ಸಂದಿಗಳನ್ನು ಮುಚ್ಚಿಬಿಡ್ತವೆ. ನೀರು ಒಳಗೆ ಇಳಿಯೋದು ಕಡಿಮೆ. ಹೊಲದಲ್ಲಿ ರೈತ ಬೈಯೋ ಮಣ್ಣನ್ನೇ ತಂದು ತಲೆ ಮೇಲೆ ಹೊದ್ದುಕೊಂಡಿದ್ದರು ನಮ್ಮವರು.

ಇದು ಎಲ್ಲಾ ಕಡೆ ನಡೆಯಲ್ಲ. ಕರಾವಳಿ, ಮಲೆನಾಡಿನ ಮಳೆಗೆ ಇಳಿಜಾರು ಚಾವಣಿಯೇ ಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕಡೆ ಹೆಂಚು ಹಬ್ಬಿತು. ನಮ್ಮದು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ಸೀಮೆ. ಇಲ್ಲಿ ಸಮತಟ್ಟು ಮಣ್ಣಿನ ಚಾವಣಿ ಸಾಕಾಗ್ತಿತ್ತು. ಬೇಸಿಗೆಯಲ್ಲಿ ಒಳಗೆ ತಂಪು, ರಾತ್ರಿ ಮೇಲೆ ಮಲಗೋಕೆ ಜಾಗ, ಸುಗ್ಗಿಯಲ್ಲಿ ಕಾಳು ಒಣಗಿಸೋಕೆ ಅದೇ ಅಂಗಳ.

ಹಾಗಾದ್ರೆ ಇಷ್ಟು ಒಳ್ಳೇ ಮನೆ ಯಾಕೆ ಹೋಯ್ತು? "ಜನಕ್ಕೆ ಸಿಟಿ ಷೋಕಿ ಬಂತು" ಅನ್ನೋದು ಸುಲಭದ ಉತ್ತರ. ನಾನು ಬಿ.ಕಾಂ. ಓದಿದವನು, ನನಗೆ ಲೆಕ್ಕ ಬೇಕು.

ಮೊದಲನೇ ಲೆಕ್ಕ, ಸಿಮೆಂಟಿನದು. ಇವತ್ತು ಫೋನ್ ಮಾಡಿದ್ರೆ ಸಂಜೆಗೆ ಐವತ್ತು ಮೂಟೆ ಬಂದು ಇಳಿಯುತ್ತೆ. ನಮ್ಮ ತಾತನ ಕಾಲದಲ್ಲಿ ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದ ನಿಯಂತ್ರಣ, ನಡುವೆ ಸ್ವಲ್ಪ ದಿನ ಬಿಟ್ಟರೆ, ಸ್ವಾತಂತ್ರ್ಯ ಬಂದ ಮೇಲೂ ದಶಕಗಟ್ಟಲೆ ನಡೀತು. ಬೆಲೆ ಸರ್ಕಾರದ್ದು, ಹಂಚಿಕೆಯೂ ಸರ್ಕಾರದ್ದು. ಕೊರತೆ ಇದ್ದ ಕಡೆ ಕಾಳಸಂತೆ ಇದ್ದೇ ಇರುತ್ತೆ. ಈ ಮೂಟೆ ಎಷ್ಟು ಭಾರ ಅಂದ್ರೆ, ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ 1982ರ ಜನವರಿಯಲ್ಲಿ ಕುರ್ಚಿ ಬಿಡಬೇಕಾಯ್ತು. ಸಿಮೆಂಟ್ ಹಂಚಿಕೆಗೆ ಬದಲಾಗಿ ಟ್ರಸ್ಟ್‌ಗೆ ದೇಣಿಗೆ ಪಡೆದರು ಅನ್ನೋದು ಅವರ ಮೇಲಿದ್ದ ಆರೋಪ. ಮರು ತಿಂಗಳೇ ಕೇಂದ್ರ ಸರ್ಕಾರ ನಿಯಂತ್ರಣ ಸಡಿಲಿಸಿ, ಒಂದು ಭಾಗ ಸಿಮೆಂಟನ್ನು ಮುಕ್ತವಾಗಿ ಮಾರೋಕೆ ಬಿಟ್ಟಿತು. 1989ರಲ್ಲಿ ಪೂರ್ತಿ ತೆಗೆದೇಬಿಟ್ಟಿತು. ಹಳ್ಳಿಯ ಸಾಮಾನ್ಯ ಮನೆಗೆ ಆರ್‌ಸಿಸಿ ಕೈಗೆಟುಕಿದ್ದು ಇದಾದ ಮೇಲೆ.

ಎರಡನೇ ಲೆಕ್ಕ ಯಾವ ಕಡತದಲ್ಲೂ ಸಿಗಲ್ಲ. ಮಾಳಿಗೆ ಮನೆಗೆ ಬಂಡವಾಳ ಕಡಿಮೆ, ಮೆಂಟೆನೆನ್ಸ್ ಜಾಸ್ತಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ಚೌಳು ಮಣ್ಣು ತಂದು, ಮೇಲೆ ಹೊತ್ತು, ಹರಡಿ, ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ಬಿಟ್ಟರೂ ಸೋರುತ್ತೆ. ಎರಡು ವರ್ಷ ಬಿಟ್ಟರೆ ಜಂತೆ ಕೊಳೆಯುತ್ತೆ. ಈ ಕೆಲಸಕ್ಕೆ ಯಾರೂ ಕೂಲಿ ಬರೆದಿಡಲಿಲ್ಲ. ಯಾಕಂದ್ರೆ ನಮ್ಮನೇಲಿ ಮಂಕರಿ ಹೊತ್ತಿದ್ದು ಅಜ್ಜಿ, ಅವಳ ಓರಗಿತ್ತಿಯರು, ಮನೆ ಮಕ್ಕಳು. ಆಮೇಲೆ ಆ ಮಕ್ಕಳು ಓದೋಕೆ, ದುಡಿಯೋಕೆ ಬಳ್ಳಾರಿ, ಬೆಂಗಳೂರು ಸೇರಿದರು. ಮಣ್ಣು ಹೊರೋ ಕೈಗಳು ಖಾಲಿಯಾದ ಹೊತ್ತಿಗೇ ಸಿಮೆಂಟು ಪೇಟೆಗೆ ಬಂತು. ನನ್ನ ಲೆಕ್ಕದಲ್ಲಿ ಮಾಳಿಗೆ ಹೋಗಿದ್ದು ಈ ಎರಡೂ ಒಟ್ಟಿಗೆ ಬಂದಿದ್ದಕ್ಕೆ. ಷೋಕಿಯ ಪಾಲು ಬಹಳ ಸಣ್ಣದು.

ಹಳೇ ಗೋಡೆ ಕೆಡವಿದಾಗ ಬಂದ ಮಣ್ಣನ್ನು ಮೇಸ್ತ್ರಿ ಹೊಸ ಪಾಯದೊಳಗೇ ತುಂಬಿಸಿದರು. ಆಗ ನನಗೆ ನೆನಪಾಗಿದ್ದು ನಮ್ಮ ತಾಲ್ಲೂಕಿನದೇ ಬ್ರಹ್ಮಗಿರಿ. ಅಶೋಕನ ಶಾಸನ ಇರೋ ಜಾಗ ಅಂತ ಸ್ಕೂಲಲ್ಲಿ ಓದಿರ್ತೀರಿ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಒಂದರ ಮೇಲೊಂದು ಜನವಸತಿಯ ಪದರ ಸಿಕ್ಕವು. ಕೆಳಗೆ ಕಲ್ಲು ಕೊಡಲಿಯವರು, ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳವರು, ಅದರ ಮೇಲೆ ಇನ್ನೊಂದು ಕಾಲದವರು. ಮೇಲಿನ ಪದರದ ಕಾಲ ಗೊತ್ತುಮಾಡೋಕೆ ನೆರವಾಗಿದ್ದು ಯಾರದೋ ಮನೆಯ ಒಡೆದ ತಟ್ಟೆ ಚೂರುಗಳು. ಅಂಥದ್ದೇ ಪಾತ್ರೆ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮನ್ ಸಾಮಾನಿನ ಜೊತೆ ಸಿಕ್ಕಿದ್ದವು. ಮಣ್ಣಿನ ಮನೆ ಬಿದ್ದರೆ ಮುಂದಿನ ಮನೆಗೆ ನೆಲ ಆಗುತ್ತೆ. ನಮ್ಮ ಟೈಲ್ಸು, ಪುಟ್ಟಿ, ಪ್ಲಾಸ್ಟಿಕ್ ಪೈಪು ಏನಾಗುತ್ತೋ!

ಮನೆಗೆ ವಾಪಸ್ ಬರೋಣ. ಹೊಸ ಮನೆಯ ದೊಡ್ಡ ಪಾಠ ಒಳಗಿನ ಪೈಪಿನದೇ. ಬಚ್ಚಲಿನ ಒಂದು ಜಾಯಿಂಟನ್ನು ಟೆಸ್ಟ್ ಮಾಡದೆ ಗಿಲಾವು ಮುಚ್ಚಿಬಿಟ್ಟಿದ್ದರು. ಟೈಲ್ಸ್ ಎಲ್ಲಾ ಕೂತ ಮೇಲೆ ಆಚೆ ರೂಮಿನ ಗೋಡೆ ಒದ್ದೆ. ಹೊಚ್ಚ ಹೊಸ ಟೈಲ್ಸ್ ಒಡೆಸಿದ್ವಿ. ನೀವು ಮನೆ ಕಟ್ಟಿಸೋದಿದ್ರೆ, ಗಿಲಾವಿಗೆ ಮೊದಲು ಪ್ರತಿ ಗೋಡೆಯದ್ದೂ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಪೈಪಿಗೆ ನೀರು ಬಿಟ್ಟು ಒಂದು ರಾತ್ರಿ ಕಾಯಿರಿ. ಮಾಳಿಗೆ ಸೋರಿದ್ರೆ ಎಲ್ಲಿ ಅಂತ ಮಗುವೂ ಬೆರಳು ತೋರಿಸ್ತಿತ್ತು, ಇಲ್ಲಿ ಹುಡುಕಬೇಕು.

ಈಗ ಪೇಂಟ್ ಮುಗಿದಿದೆ, ಹಾಲೂ ಉಕ್ಕಿಸಿದ್ವಿ. ಆದರೆ ಮೊದಲ ಬೇಸಿಗೆಗೇ ಅಜ್ಜಿ ಹೊಸ ರೂಮಲ್ಲಿ ಮಲಗಲ್ಲ ಅಂದಳು. ರಾತ್ರಿ ಹತ್ತಾದರೂ ಸ್ಲ್ಯಾಬ್ ಕಾವು ಬಿಡ್ತಾನೇ ಇರುತ್ತೆ. ಹಿತ್ತಲ ಕಡೆಯ ಎರಡು ಅಂಕಣ ಮಾಳಿಗೆಯನ್ನೂ ಕೆಡವಿ ಪಾರ್ಕಿಂಗ್ ಮಾಡೋಣ ಅಂತ ಅಪ್ಪ ಮೊದಲೇ ತೀರ್ಮಾನ ಮಾಡಿದ್ರು. ಅಜ್ಜಿ ಜಗಳ ಆಡಲಿಲ್ಲ. ಚಾಪೆ ತಗೊಂಡು ಹೋಗಿ ಅಲ್ಲೇ ಮಲಗಿದಳು. ಮೂರು ರಾತ್ರಿ ಆದ ಮೇಲೆ ಅಪ್ಪ ಜೆಸಿಬಿಯವನಿಗೆ ಬೇಡ ಅಂತ ಫೋನ್ ಮಾಡಿದ್ರು.

ಉಳಿಸಿಕೊಳ್ಳೋದು ಸುಲಭ. ಮಣ್ಣು ಹೊರೋರು ಯಾರು? ಅಜ್ಜಿ ನನ್ನ ಕಡೆ ನೋಡಿ, "ಮೈಕ್ ಹಿಡಿಯೋ ಕೈಲಿ ಮಂಕರಿ ಹಿಡಿಯೋಕಾಗುತ್ತಾ?" ಅಂದಳು. ಆಗುತ್ತಜ್ಜಿ ಅಂದೆ.

ಮುಂಗಾರಿಗೆ ಇನ್ನು ಮೂರು ವಾರ ಇದೆ. ಭಾನುವಾರ ಚೌಳು ಮಣ್ಣು ಬರುತ್ತೆ. ನಿಮ್ಮೂರಲ್ಲಿ ಮಾಳಿಗೆ ಮನೆ ಇದ್ರೆ, ಅದರ ಮೇಲೆ ಮಣ್ಣು ಹಾಕಿದವರನ್ನ ಮಾತಾಡಿಸಿ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.