ದ್ವೇಷಕ್ಕೆ ವಿಳಾಸ ಬರೆದವರು

1967ರ ಥಾಣೆ ನಗರಸಭೆ ಚುನಾವಣೆಯಲ್ಲಿ, ಹುಟ್ಟಿ ವರ್ಷವಷ್ಟೇ ಕಳೆದಿದ್ದ ಶಿವಸೇನೆ 40 ಸ್ಥಾನಗಳ ಪೈಕಿ 17ನ್ನು ಗೆದ್ದಿತು. ಆ ಪಕ್ಷ ಅಧಿಕಾರದ ಮೊದಲ ರುಚಿ ಕಂಡದ್ದು ಮುಂಬಯಿಯಲ್ಲಲ್ಲ, ಥಾಣೆಯಲ್ಲಿ. ಆಗ ಅದರ ಕಣ್ಣಿದ್ದದ್ದು ದಕ್ಷಿಣದವರ ಮೇಲೆ. ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದವು, ಲುಂಗಿ ಗೇಲಿಗೆ ವಸ್ತುವಾಯಿತು. ಕೆಲಸ ಸಿಗದ ಮರಾಠಿ ಯುವಕರ ಸಹಜ ಸಿಟ್ಟು ಇದು ಎಂದು ಇಂದಿಗೂ ಹೇಳುವವರಿದ್ದಾರೆ. ಈ ಮಾತು ಅರ್ಧ ಮಾತ್ರ ನಿಜ. ಸಿಟ್ಟಿತ್ತು, ಅದಕ್ಕೆ ಕಾರಣವೂ ಇತ್ತು. ಆದರೆ ಆ ಸಿಟ್ಟು ಯಾರ ಬಾಗಿಲಿಗೆ ಹೋಗಬೇಕೆಂದು ನಿರ್ಧರಿಸಿದವರು ಬೇರೆ. ಬೀದಿಗಿಳಿದವರು ಆ ನಿರ್ಧಾರವನ್ನು ಪಾಲಿಸಿದರು. ಪೂರ್ವಗ್ರಹದ ಹಿಂದೆ ಹೀಗೆ ವಿಧೇಯತೆ ಇರುವುದನ್ನು ನೋಡದೆ ಆ ದಶಕ ಅರ್ಥವಾಗುವುದಿಲ್ಲ.

ಸಮಾಜ ಮನೋವಿಜ್ಞಾನಿ ಮುಜಾಫರ್ ಶೆರೀಫ್ 1954ರಲ್ಲಿ ಅಮೆರಿಕದ ಒಕ್ಲಹೋಮದ ಬೇಸಿಗೆ ಶಿಬಿರವೊಂದರಲ್ಲಿ ಹುಡುಗರನ್ನು ಎರಡು ತಂಡ ಮಾಡಿ, ಒಂದು ತಂಡಕ್ಕೆ ಮಾತ್ರ ದಕ್ಕುವ ಬಹುಮಾನಕ್ಕಾಗಿ ಸ್ಪರ್ಧೆಗಿಳಿಸಿದರು. ಕೆಲವೇ ದಿನಗಳಲ್ಲಿ ಹಗೆ ಬೆಳೆಯಿತು. ಸೀಮಿತ ಸಂಪನ್ಮೂಲಕ್ಕಾಗಿ ನಡೆಯುವ ಪೈಪೋಟಿಯೇ ದ್ವೇಷದ ಮೂಲ ಎಂಬುದು ಇದರಿಂದ ಹೊರಟ ವಾದ. ಮುಂಬಯಿಗೆ ಇದನ್ನು ಅನ್ವಯಿಸಿದರೆ ಒಂದು ಪ್ರಶ್ನೆ ಉಳಿಯುತ್ತದೆ. 1961ರ ಜನಗಣತಿಯಂತೆ ನಗರದಲ್ಲಿ ಮರಾಠಿ ಮಾತೃಭಾಷೆಯವರು ಸುಮಾರು ಶೇ. 43, ಗುಜರಾತಿಗಳು ಸುಮಾರು ಶೇ. 19. ದಕ್ಷಿಣದ ನಾಲ್ಕೂ ಭಾಷೆಗಳವರನ್ನು ಕೂಡಿಸಿದರೂ ಗುಜರಾತಿಗಳಷ್ಟಾಗುತ್ತಿರಲಿಲ್ಲ. ವ್ಯಾಪಾರ, ಬಂಡವಾಳ ಹೆಚ್ಚಾಗಿ ಗುಜರಾತಿಗಳ ಕೈಯಲ್ಲಿತ್ತು. ಆದರೂ ಕಲ್ಲು ಬಿದ್ದದ್ದು ಇಡ್ಲಿ ಬಡಿಸುವ ಮಾಣಿಯ ಮೇಲೆ. ರಾತ್ರಿಶಾಲೆಯಲ್ಲಿ ಓದಿ ಕಚೇರಿ ಸೇರಿದ ಕರಾವಳಿಯ ಹುಡುಗರು ಇದ್ದರು, ನಿಜ. ಆದರೆ ತಟ್ಟೆ ಎತ್ತುತ್ತಿದ್ದವನು ಯಾವ ಗುಮಾಸ್ತನ ಕುರ್ಚಿಯನ್ನೂ ಕಿತ್ತುಕೊಂಡಿರಲಿಲ್ಲ. ಗುರಿಯನ್ನು ತೋರಿಸಿಕೊಟ್ಟದ್ದು ಶಿವಸೇನೆಯ ಸ್ಥಾಪಕ ಬಾಳಾ ಠಾಕ್ರೆಯವರ ‘ಮಾರ್ಮಿಕ್’ ವಾರಪತ್ರಿಕೆ. ಕಂಪನಿಗಳಲ್ಲಿದ್ದ ದಕ್ಷಿಣದ ಅಧಿಕಾರಿಗಳ ಹೆಸರುಗಳನ್ನು ಅದು ಪಟ್ಟಿಮಾಡಿ ಅಚ್ಚುಹಾಕುತ್ತಿತ್ತು. ‘ಓದಿ, ಸುಮ್ಮನೆ ಕೂತಿರಿ’ ಎಂಬರ್ಥದ ಆ ಪಟ್ಟಿಯ ಶೀರ್ಷಿಕೆ ಮುಂದೆ ‘ಓದಿ, ಎದ್ದೇಳಿ’ ಎಂದಾಯಿತು.

ಆ ಪಟ್ಟಿಯ ದೃಷ್ಟಿಯಲ್ಲಿ ತುಳುವ, ತಮಿಳ, ಮಲಯಾಳಿ, ಕನ್ನಡಿಗ ಎಲ್ಲರೂ ‘ಮದ್ರಾಸಿ’ಗಳೇ. ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ ಎಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟ ಮೇಲೆ, ಅದೇ ಹೋಟೆಲಿನ ಅದೇ ಮನುಷ್ಯ ‘ಕನ್ನಡಿಗ’ನಾದ. ಮನೆಯಲ್ಲಿ ತುಳು ಆಡುತ್ತಿದ್ದ, ಬೆಳಗಾವಿಯನ್ನು ಕಂಡೇ ಇರದಿದ್ದ ಎಷ್ಟೋ ಜನ ಗಡಿ ತಂಟೆಯ ಪ್ರತಿವಾದಿಗಳಾಗಿಬಿಟ್ಟರು. ಇದಾದ ಸ್ವಲ್ಪ ಕಾಲಕ್ಕೇ, 1970ರ ಸುಮಾರಿಗೆ, ಸಮಾಜ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ಇಂಗ್ಲೆಂಡಿನ ಶಾಲಾಬಾಲಕರನ್ನು ಕ್ಷುಲ್ಲಕ ಕಾರಣಗಳಿಂದ ಎರಡು ಗುಂಪು ಮಾಡಿದರು. ಹಳೆಯ ಹಗೆಯಾಗಲಿ ಸ್ವಂತ ಲಾಭವಾಗಲಿ ಇಲ್ಲದಿದ್ದರೂ ಅವರು ತಮ್ಮ ಗುಂಪಿಗೇ ಹೆಚ್ಚು ಹಂಚಿದರು. ಗುಂಪಿನ ಹೆಸರೊಂದೇ ಇಷ್ಟು ಮಾಡಬಲ್ಲದಾದರೆ, ಆ ಹೆಸರನ್ನು ಇಡುವವನ ಕೈಯಲ್ಲಿ ಎಷ್ಟು ಬಲವಿರಬೇಕು!

ಪ್ರಯೋಗಶಾಲೆಯ ಮಾತು ಬೀದಿಗೆ ಹೇಗೆ ಸಲ್ಲುತ್ತದೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1969ರ ಫೆಬ್ರವರಿಯನ್ನು ನೋಡಿ. ಗಡಿ ವಿಷಯಕ್ಕಾಗಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರು ತಡೆಯುವ ಯತ್ನ ನಡೆಯಿತು, ಠಾಕ್ರೆಯವರ ಬಂಧನವಾಯಿತು, ಮುಂಬಯಿ ಹೊತ್ತಿ ಉರಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ತಗ್ಗಿದ್ದು, ಶಾಂತವಾಗಿರಿ ಎಂದು ಠಾಕ್ರೆಯವರು ಜೈಲಿನಿಂದಲೇ ಮನವಿ ಕಳಿಸಿದ ಮೇಲೆ. ತಡೆಯಲಾರದ ಜನಾಕ್ರೋಶ ಎಂದು ಕರೆಯಲಾದದ್ದು ಒಬ್ಬರ ಮಾತಿಗೆ ನಿಂತಿತು. ಗಲಭೆ ಆರಂಭವಾದದ್ದು ಹೇಗೆಂಬ ಬಗ್ಗೆ ವಾದ ಇರಲಿ, ಅದು ನಿಂತ ರೀತಿ ವಿಧೇಯತೆಗೆ ಸಾಕ್ಷಿ ಹೇಳುತ್ತದೆ.

ಹಾಗಾದರೆ ಕಲ್ಲೆಸೆದವನು ನಿರ್ದೋಷಿಯೇ? ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಿಂದ ನಡೆಸಿದ ಪ್ರಯೋಗಗಳಲ್ಲಿ, ಇನ್ನೊಬ್ಬನಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ನಂಬಿದ್ದ 40 ಜನರಲ್ಲಿ 26 ಮಂದಿ 450 ವೋಲ್ಟಿನ ಕೊನೆಯವರೆಗೂ ಹೋದರು. ಎಲ್ಲರ ನೆನಪಿನಲ್ಲಿ ಉಳಿದದ್ದು ಇದೇ ಸಂಖ್ಯೆ. ಜೊತೆಗಾರರು ಮೊದಲೇ ನಿರಾಕರಿಸಿದ ಇನ್ನೊಂದು ಪ್ರಯೋಗದಲ್ಲಿ ಕೊನೆ ಮುಟ್ಟಿದವರು 40ರಲ್ಲಿ ನಾಲ್ವರೇ. ಪಕ್ಕದವನು ಒಲ್ಲೆನೆಂದರೆ ಆದೇಶದ ಹಿಡಿತ ಸಡಿಲವಾಗುತ್ತದೆ. ಮೇಲಾಗಿ, ‘ನಿಮಗೆ ಬೇರೆ ದಾರಿಯಿಲ್ಲ’ ಎಂಬ ಕಟು ಆಜ್ಞೆಗೆ ಜನ ತಿರುಗಿಬಿದ್ದದ್ದೇ ಹೆಚ್ಚು. ಅವರು ಮುಂದುವರಿದದ್ದು ವಿಜ್ಞಾನಕ್ಕೆ ನೆರವಾಗುತ್ತಿದ್ದೇವೆ ಎಂಬ ನಂಬಿಕೆಯಿಂದ ಎಂದು ಮುಂದಿನ ಸಂಶೋಧಕರಾದ ಹಸ್ಲಮ್ ಮತ್ತು ರೈಚರ್ ವಾದಿಸಿದ್ದಾರೆ. ಶಿವಸೇನೆಯ ಶಾಖೆಯ ಯುವಕನೂ ಯಂತ್ರದಂತೆ ಕೈಯೆತ್ತಲಿಲ್ಲ. ಅದು ತನ್ನವರ ಕೆಲಸವೆಂದು ಒಪ್ಪಿಕೊಂಡೇ ಎತ್ತಿದ. ಆ ಒಪ್ಪಿಗೆ ಅವನದೇ, ಹೊಣೆಯೂ ಅವನದೇ.

ಸಿಟ್ಟಿನ ಕಾರಣ ಒಂದೇ ಇದ್ದು ಗುರಿ ಮಾತ್ರ ಬದಲಾಗಬಲ್ಲದು ಎಂಬುದಕ್ಕೆ ಮುಂಬಯಿ ಬಳಿಯ ಕಲ್ಯಾಣದ ದಾಖಲೆಯೇ ಇದೆ. 2008ರ ಅಕ್ಟೋಬರಿನಲ್ಲಿ ರೈಲ್ವೆ ನೇಮಕಾತಿ ಪರೀಕ್ಷೆಗೆ ಬಂದ ಉತ್ತರ ಭಾರತದ ಅಭ್ಯರ್ಥಿಗಳ ಮೇಲೆ ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಕಾರ್ಯಕರ್ತರು ಹಲ್ಲೆ ಮಾಡಿದರು. ಬಂಧಿತರಾದ ಅದರ ನಾಯಕ ರಾಜ್ ಠಾಕ್ರೆಯವರನ್ನು ಕಲ್ಯಾಣದ ನ್ಯಾಯಾಲಯಕ್ಕೂ ಕರೆತರಲಾಯಿತು. ದೂರು ಹಳೆಯದೇ: ನಮ್ಮ ಕೆಲಸ ಹೊರಗಿನವರ ಪಾಲಾಗುತ್ತಿದೆ. ಆದರೆ ಈ ಸಲದ ಪಟ್ಟಿಯಲ್ಲಿ ಉಡುಪಿ ಹೋಟೆಲಿರಲಿಲ್ಲ. ನಾಲ್ಕು ದಶಕಗಳಲ್ಲಿ ದಕ್ಷಿಣದವರು ಸ್ವಭಾವ ತಿದ್ದಿಕೊಂಡು ನೆಟ್ಟಗಾದರೆಂದು ಯಾರೂ ವಾದಿಸಲಾರರು.